ಫೋಲ್ಡ್‌ಸ್ಕೋಪ್: ಕಾಗದದ ಸೂಕ್ಷ್ಮದರ್ಶಕ ಮತ್ತು ಕಂಡುಕೊಳ್ಳುವ ಹಂಬಲ

ಮಕ್ಕಳ ಕುತೂಹಲವನ್ನು ಕೆರಳಿಸುತ್ತೇವೆ ಎಂದು ಹೇಳಿಕೊಂಡು ಬರುವ ವಿಜ್ಞಾನದ ಪೆಟ್ಟಿಗೆಗಳಿಗೆ ಈಗ ಬರವಿಲ್ಲ. ಮೇಜಿನ ಮೇಲೆ ಉಕ್ಕುವ ಜ್ವಾಲಾಮುಖಿ, ಲೋಟದಲ್ಲಿ ಬೆಳೆಯುವ ಹರಳು, ಬ್ಯಾಟರಿ ಹಾಕಿದರೆ ಓಡುವ ಪ್ಲಾಸ್ಟಿಕ್ ಜೇಡ ಮುಂತಾದ ಇವುಗಳಲ್ಲಿ ಹೆಚ್ಚಿನವು ತಮ್ಮ ಫಲಿತಾಂಶವನ್ನು ಮುಚ್ಚಳದ ಮೇಲೆಯೇ ಅಚ್ಚು ಹಾಕಿಸಿಕೊಂಡು ಬರುತ್ತವೆ. ಚಿತ್ರದಲ್ಲಿದ್ದದ್ದು ಮೇಜಿನ ಮೇಲೆ ಆದರೆ ಆಟ ಮುಗಿಯಿತು, ಆಗದಿದ್ದರೆ ಪೆಟ್ಟಿಗೆ ಅಟ್ಟ ಸೇರಿತು. ಫೋಲ್ಡ್‌ಸ್ಕೋಪ್ ಎಂಬ ಕಾಗದದ ಸೂಕ್ಷ್ಮದರ್ಶಕವನ್ನು ನಾನು ಈ ಸಾಲಿನಿಂದ ಹೊರಗಿಟ್ಟು ನೋಡುತ್ತೇನೆ. ಅದರಲ್ಲಿ ಏನು ಕಾಣಿಸೀತು ಎಂಬುದು ಕೊಂಡವರು ಏನನ್ನು ನೋಡಬಯಸುತ್ತಾರೆ ಎಂಬುದರ ಮೇಲೆ ನಿಂತಿದೆ. ನೋಡುವ ಬಯಕೆಯೇ ಇಲ್ಲದವರ ಕೈಯಲ್ಲಿ ಅದು ಮಡಚಿದ ರಟ್ಟಿನ ತುಂಡಷ್ಟೇ ಆಗಿ ಉಳಿಯುತ್ತದೆ. ಆದ್ದರಿಂದ ಈ ವಿಮರ್ಶೆಯಲ್ಲಿ ವಸ್ತುವಿನ ಗುಣದೋಷಗಳ ಜೊತೆಗೆ, ಅದು ಮನುಷ್ಯನ ಯಾವ ಹಂಬಲವನ್ನು ತಣಿಸುತ್ತದೆ, ಯಾವುದನ್ನು ತಣಿಸದೆ ಬಿಡುತ್ತದೆ ಎಂಬುದನ್ನೂ ಹೇಳಬೇಕಾಗಿದೆ.

ಇದನ್ನು ರೂಪಿಸಿದವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಮತ್ತು ಅವರ ವಿದ್ಯಾರ್ಥಿಯಾಗಿದ್ದ ಜಿಮ್ ಸಿಬುಲ್ಸ್ಕಿ. ಮೀರತ್‌ನಲ್ಲಿ ಹುಟ್ಟಿ ಕಾನ್ಪುರದ ಐಐಟಿಯಲ್ಲಿ ಕಲಿತ ಮನು ಪ್ರಕಾಶ್ ಅವರು, ಭಾರತ ಮತ್ತು ಥಾಯ್ಲೆಂಡ್‌ಗಳ ದೂರದ ಆರೋಗ್ಯ ಕೇಂದ್ರಗಳಲ್ಲಿ ದುಬಾರಿ ಸೂಕ್ಷ್ಮದರ್ಶಕಗಳು ಬಳಕೆಯಾಗದೆ ಕುಳಿತಿದ್ದುದನ್ನು ಕಂಡ ಮೇಲೆ ಈ ಯೋಚನೆ ಹುಟ್ಟಿತೆಂದು ಹೇಳಿದ್ದಾರೆ. ಕೆಟ್ಟರೆ ರಿಪೇರಿ ಮಾಡುವವರಿಲ್ಲ, ಬಿದ್ದರೆ ಒಡೆದೀತೆಂಬ ಭಯ, ಹೊತ್ತು ತಿರುಗಲು ಭಾರ. ಈ ಮೂರಕ್ಕೂ ಅವರು ಕಂಡುಕೊಂಡ ಉತ್ತರ ಕಾಗದವನ್ನು ಮಡಚುವುದು. 2014ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿ, ಬಿಡಿಭಾಗಗಳ ಖರ್ಚು ಒಂದು ಡಾಲರಿಗಿಂತ ಕಡಿಮೆ, ತೂಕ ಹತ್ತು ಗ್ರಾಮಿನೊಳಗೆ, ಮೂರಂತಸ್ತಿನ ಮೇಲಿಂದ ಬೀಳಿಸಿದರೂ ಕಾಲಿನಿಂದ ತುಳಿದರೂ ಕೆಡುವುದಿಲ್ಲ ಎಂಬ ವಿವರಗಳಿವೆ. ಮೊದಲು ಜಗತ್ತಿನ ನಾನಾ ದೇಶಗಳ ಆಸಕ್ತರಿಗೆ ಸಾವಿರಾರು ಸೂಕ್ಷ್ಮದರ್ಶಕಗಳನ್ನು ಹಂಚಲಾಯಿತು. ಅನಂತರ ಮಾರಾಟ ಆರಂಭವಾಗಿ, ಒಟ್ಟು ಸಂಖ್ಯೆ ಹತ್ತು ಲಕ್ಷವನ್ನು ದಾಟಿ ವರ್ಷಗಳೇ ಆಗಿವೆ. ಅಂಗಡಿಯಲ್ಲಿ ಒಂದು ಡಾಲರಿಗೆ ಸಿಕ್ಕೀತೆಂದು ಮಾತ್ರ ಯಾರೂ ಎಣಿಸಬಾರದು. ಆ ಲೆಕ್ಕ ಬಿಡಿಭಾಗಗಳದ್ದು. ಸಲಕರಣೆಗಳ ಡಬ್ಬಿ, ಸಾಗಣೆ, ಸುಂಕ ಎಲ್ಲ ಸೇರಿ ಕೈಗೆ ಬರುವಾಗ ಬೆಲೆ ಅದರ ಹಲವು ಪಟ್ಟಾಗಿರುತ್ತದೆ.

ಪೆಟ್ಟಿಗೆಯನ್ನು ತೆರೆದಾಗ ಸಿಗುವುದು ಸೂಕ್ಷ್ಮದರ್ಶಕವಲ್ಲ, ಅದರ ಹಾಳೆ. ಹರಿಯದ, ನೀರು ತಾಗಿದರೆ ನೆನೆಯದ ಒಂದು ಬಗೆಯ ಕೃತಕ ಕಾಗದದ ಮೇಲೆ ಭಾಗಗಳನ್ನು ಕತ್ತರಿಸಿ ಇಟ್ಟಿರುತ್ತಾರೆ. ಅವನ್ನು ಬಿಡಿಸಿಕೊಂಡು, ಗುರುತುಗಳ ಪ್ರಕಾರ ಮಡಚಿ, ಒಂದರ ಅಂಚನ್ನು ಇನ್ನೊಂದರ ಸೀಳಿನೊಳಗೆ ತೂರಿಸಿ, ಪುಟ್ಟ ಮಸೂರವನ್ನು ಅದರ ಜಾಗದಲ್ಲಿ ಕೂರಿಸಬೇಕು. ಅಂಟು ಬೇಡ, ಸ್ಕ್ರೂ ಬೇಡ, ನಿಧಾನವಾಗಿ ಮಾಡಿದರೂ ಒಂದು ಗಂಟೆ ಹಿಡಿಯದು. ಬೆಳಕು ಬರುವ ಪದರ, ನೋಡಬೇಕಾದ ವಸ್ತುವನ್ನಿಟ್ಟ ಸ್ಲೈಡ್ ಕೂರುವ ಪದರ, ಮಸೂರವಿರುವ ಪದರ ಎಂಬ ಮೂರೂ ಒಂದರ ಮೇಲೊಂದು ಜಾರುವಂತೆ ಕೂಡಿಕೊಂಡಾಗ, ಎಡಬಲಕ್ಕೆ ಸರಿಸಿದರೆ ನೋಟ ಏಕೆ ಚಲಿಸುತ್ತದೆ, ಕಾಗದದ ಓರೆಯನ್ನು ತಳ್ಳಿದರೆ ಮಸೂರ ಏಕೆ ಸ್ಲೈಡಿಗೆ ಹತ್ತಿರವಾಗುತ್ತದೆ ಎಂಬುದು ಯಾರೂ ವಿವರಿಸದೆ ಬೆರಳಿಗೇ ತಿಳಿಯುತ್ತದೆ. ಈ ವಸ್ತುವಿಗೆ ನಾನು ಕೊಡುವ ಅತಿ ಹೆಚ್ಚಿನ ಅಂಕ ಇದಕ್ಕೇ. ಶಾಲೆಯ ಪ್ರಯೋಗಾಲಯದಲ್ಲಿ ಬಟ್ಟೆ ಹೊದಿಸಿ ಬೀರುವಿನಲ್ಲಿಟ್ಟ ಲೋಹದ ಸೂಕ್ಷ್ಮದರ್ಶಕವನ್ನು ನಾವು ವರ್ಷಕ್ಕೊಮ್ಮೆ ಸಾಲಿನಲ್ಲಿ ನಿಂತು, ಮುಟ್ಟಬೇಡಿ ಎಂಬ ಎಚ್ಚರಿಕೆಯ ನಡುವೆ ನೋಡಿದವರು. ಅಲ್ಲಿ ಕಂಡದ್ದು ಈರುಳ್ಳಿಯ ಪೊರೆಯೋ ನಮ್ಮದೇ ರೆಪ್ಪೆಯ ಕೂದಲೋ ಎಂದು ಕೇಳುವಷ್ಟೂ ಪುರುಸೊತ್ತಿರುತ್ತಿರಲಿಲ್ಲ. ತಾನೇ ಜೋಡಿಸಿದ ಉಪಕರಣದಲ್ಲಿ ಅಂಥ ಅಂಜಿಕೆಗೆ ಎಡೆಯಿಲ್ಲ. ಬಿಚ್ಚಿ ಮತ್ತೆ ಜೋಡಿಸಬಹುದು ಎಂಬ ಧೈರ್ಯವೇ ಅರ್ಧ ಕಲಿಕೆ.

ಮಸೂರದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ಸಾಧನದ ಬಲವೂ ಮಿತಿಯೂ ಅಲ್ಲಿಯೇ ಇದೆ. ಇದು ಸುಮಾರು 2.4 ಮಿಲಿಮೀಟರ್ ಅಡ್ಡಳತೆಯ ಒಂದು ಗಾಜಿನ ಗುಂಡು, ಅಂದರೆ ಸಾಸಿವೆ ಕಾಳಿಗಿಂತ ತುಸು ದೊಡ್ಡದು. ಗುಂಡು ಚಿಕ್ಕದಾದಷ್ಟೂ ಹೆಚ್ಚು ಹಿಗ್ಗಿಸಿ ತೋರಿಸುತ್ತದೆ. ಈ ಅಳತೆಯ ಗುಂಡು ವಸ್ತುವನ್ನು 140 ಪಟ್ಟು ಹಿಗ್ಗಿಸುತ್ತದೆ ಮತ್ತು ಒಂದು ಮಿಲಿಮೀಟರಿನ ಐನೂರನೇ ಒಂದು ಭಾಗದಷ್ಟು, ಅಂದರೆ ಎರಡು ಮೈಕ್ರಾನ್ ದೂರದಲ್ಲಿರುವ ಎರಡು ಚುಕ್ಕಿಗಳನ್ನು ಬೇರೆಬೇರೆಯಾಗಿ ತೋರಿಸಬಲ್ಲದು. ಕಾಗದದ ಉಪಕರಣಕ್ಕೆ ಇದು ಬಹಳ ದೊಡ್ಡ ಸಾಧನೆ. ಆದರೆ ಗುಂಡು ಮಸೂರದ ಜಾಯಮಾನವೇ ಹಾಗೆ, ನಡುವೆ ಚೊಕ್ಕಟವಾಗಿ ಕಂಡದ್ದು ಅಂಚಿಗೆ ಹೋಗುತ್ತಿದ್ದಂತೆ ಮಸುಕಾಗಿ ಬಾಗುತ್ತದೆ. ಕಣ್ಣನ್ನು ರೆಪ್ಪೆ ತಾಗುವಷ್ಟು ಹತ್ತಿರಕ್ಕೆ ತರಬೇಕು. ಕನ್ನಡಕದವರು ಕನ್ನಡಕ ತೆಗೆದಿಟ್ಟು ನೋಡುವುದೇ ಮೇಲು. ಎರಡೂ ಕೈಗಳಲ್ಲಿ ಹಿಡಿದು, ಹೆಬ್ಬೆರಳಿನಿಂದ ಕೂದಲೆಳೆಯಷ್ಟು ತಳ್ಳಿದರೂ ಫೋಕಸ್ ತಪ್ಪಿ ಹೋಗುತ್ತದೆ. ಮೊದಲ ಸಲ ಹಿಡಿದವರಿಗೆ ಬೆಳ್ಳನೆಯ ವೃತ್ತವೊಂದನ್ನು ಬಿಟ್ಟು ಬೇರೇನೂ ಕಾಣದಿದ್ದರೆ ಅದು ಸಹಜ. ಬೆಳಕಿಗಾಗಿ ಬಿಳಿ ಗೋಡೆಯನ್ನೋ ಆಕಾಶವನ್ನೋ ಬಲ್ಬನ್ನೋ ನೋಡಬಹುದು. ಸೂರ್ಯನ ಕಡೆಗೆ ಮಾತ್ರ ಎಂದಿಗೂ ತಿರುಗಿಸಕೂಡದು. ಮಕ್ಕಳ ಕೈಗೆ ಕೊಡುವ ಮುನ್ನ ಈ ಮಾತನ್ನು ಎರಡು ಸಲ ಹೇಳಿ ಒಪ್ಪಿಸಿಕೊಳ್ಳಬೇಕು.

ಇಷ್ಟು ತಾಳ್ಮೆ ತೋರಿದವರಿಗೆ ಸಿಗುವುದೇನು? ಮಲೆನಾಡಿನ ಮಳೆಗಾಲದಲ್ಲಿ ಬಾವಿಕಟ್ಟೆಯ ಕಲ್ಲುಸಂದಿಗಳಲ್ಲಿ ಬೆಳೆಯುವ ಜರೀಗಿಡವನ್ನೇ ತೆಗೆದುಕೊಳ್ಳಿ. ಎಲೆಯ ಬೆನ್ನಿಗೆ ಅಂಟಿರುವ ಕಂದು ಚುಕ್ಕಿಗಳಿಂದ ಸೂಜಿಯ ಮೊನೆಯಲ್ಲಿ ಸ್ವಲ್ಪ ಕೆರೆದು ಸ್ಲೈಡಿನ ಮೇಲಿಟ್ಟರೆ, ಪುಡಿಯೆಂದುಕೊಂಡದ್ದು ಪುಟ್ಟ ಚೀಲಗಳ ರಾಶಿಯಾಗಿ ಕಾಣುತ್ತದೆ. ಪ್ರತಿಯೊಂದು ಚೀಲದ ಬೆನ್ನ ಮೇಲೂ ದಪ್ಪ ಗೋಡೆಯ ಕೋಶಗಳ ಒಂದು ಪಟ್ಟಿ, ಬೆನ್ನೆಲುಬಿನಂತೆ ಬಾಗಿ ಕೂತಿರುತ್ತದೆ. ದೀಪದ ಬಿಸಿಗೆ ಆ ಕೋಶಗಳೊಳಗಿನ ನೀರು ಆರುತ್ತಿದ್ದಂತೆ ಪಟ್ಟಿ ನಿಧಾನವಾಗಿ ಹಿಂದಕ್ಕೆ ಸೆಟೆದು ಚೀಲವನ್ನು ಸೀಳುತ್ತದೆ. ನೀರಿನ ಎಳೆತ ಇನ್ನು ತಡೆಯದೆಂಬ ಹಂತದಲ್ಲಿ ಕೋಶಗಳೊಳಗೆ ಗುಳ್ಳೆಯೆದ್ದು ಪಟ್ಟಿ ಫಕ್ಕನೆ ಮುಂದಕ್ಕೆ ಚಿಮ್ಮುತ್ತದೆ, ಚೀಲದೊಳಗಿದ್ದ, ಹೊಸ ಗಿಡಕ್ಕೆ ಮೂಲವಾಗುವ ಬೀಜಕಗಳು ನೋಟದಿಂದಲೇ ಹಾರಿಹೋಗುತ್ತವೆ. ಚಿಮ್ಮುವ ಕ್ಷಣವನ್ನು ಕಣ್ಣು ಹಿಡಿಯಲಾರದು, ಅದಕ್ಕೆ ಮೊದಲು ಇದ್ದದ್ದು ಆಮೇಲೆ ಇಲ್ಲ ಎಂಬುದಷ್ಟೇ ತಿಳಿಯುತ್ತದೆ. ಇದನ್ನು ಒಮ್ಮೆ ಕಂಡವರು ಇನ್ನೊಂದು ಚೀಲ ಸೆಟೆಯುವುದನ್ನು ಕಾಯದೆ ಇರಲಾರರು.

ದಾಸವಾಳದ ಪರಾಗ ಸುಲಭವಾಗಿ ಕಾಣುತ್ತದೆ. ಮುಳ್ಳುಮುಳ್ಳಾದ ದೊಡ್ಡ ಗುಂಡುಗಳು. ಬಟ್ಟೆಯ ನೂಲನ್ನು ಬಿಡಿಸಿ ನೋಡುವುದು ಇನ್ನೂ ಲಾಭದ ಕೆಲಸ. ಹತ್ತಿಯ ಎಳೆ ಅಲ್ಲಲ್ಲಿ ತಿರುಚಿಕೊಂಡ ಚಪ್ಪಟೆ ಪಟ್ಟಿಯಂತಿರುತ್ತದೆ, ರೇಷ್ಮೆಯ ಎಳೆ ನಯವಾಗಿ ತಿರುಚಿಲ್ಲದೆ ಸಾಗುತ್ತದೆ. ಹಾಗೆಂದು ಸೀರೆಯಂಗಡಿಯಲ್ಲಿ ಇದನ್ನು ಹಿಡಿದುಕೊಂಡು ಅಪ್ಪಟ ರೇಷ್ಮೆಯ ಪರೀಕ್ಷೆಗೆ ಇಳಿಯುವುದು ಬೇಡ, ಏಕೆಂದರೆ ಪಾಲಿಯೆಸ್ಟರ್ ಎಳೆಯೂ ಅಷ್ಟೇ ನಯವಾಗಿ ಕಾಣುತ್ತದೆ.

ಬಟ್ಟೆಯ ಮಾತು ಬಂದದ್ದರಿಂದ, ಈ ಒಂಟಿ ಗುಂಡಿನ ಸೂಕ್ಷ್ಮದರ್ಶಕದ ಮೂಲಪುರುಷನನ್ನು ನೆನೆಯದೆ ಮುಂದೆ ಹೋಗಲಾಗದು. ಹಾಲೆಂಡಿನ ಡೆಲ್ಫ್ಟ್ ಊರಿನ ಆಂಟನಿ ವಾನ್ ಲ್ಯೂವೆನ್‌ಹುಕ್ (1632–1723) ಜವಳಿ ವ್ಯಾಪಾರಿ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನಲ್ಲ, ಅಂದಿನ ವಿದ್ವಾಂಸರ ಭಾಷೆಯಾದ ಲ್ಯಾಟಿನ್ ಬಲ್ಲವನಲ್ಲ. ತಾನೇ ತಯಾರಿಸಿದ ಪುಟ್ಟ ಮಸೂರಗಳನ್ನು ಲೋಹದ ತಗಡುಗಳ ನಡುವೆ ಸಿಕ್ಕಿಸಿ, ಕೆರೆಯ ನೀರು, ಹಲ್ಲಿನ ಪಾಚಿ, ರಕ್ತ ಎಲ್ಲವನ್ನೂ ನೋಡಿ, ಕಂಡದ್ದನ್ನು ತನ್ನ ಡಚ್ ಭಾಷೆಯಲ್ಲಿ ಪತ್ರ ಬರೆದು ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಗೆ ಕಳುಹಿಸುತ್ತಿದ್ದನು. ಮೆಣಸಿನ ಕಾಳು ನಾಲಗೆಗೆ ಏಕೆ ಖಾರವಾಗುತ್ತದೆ ಎಂಬುದು ಅವನನ್ನು ಕಾಡಿದ ಪ್ರಶ್ನೆಗಳಲ್ಲಿ ಒಂದು. ಖಾರಕ್ಕೆ ಕಾರಣ ಮೆಣಸಿನ ಕಣಗಳ ಚೂಪು ಮೊನೆಗಳಿರಬೇಕು ಎಂಬುದು ಅವನ ಊಹೆಯಾಗಿತ್ತು. ಕಾಳನ್ನು ನೀರಿನಲ್ಲಿ ನೆನೆಹಾಕಿ, ಸುಮಾರು ಮೂರು ವಾರಗಳ ನಂತರ 1676ರ ಏಪ್ರಿಲ್‌ನಲ್ಲಿ ಒಂದು ಹನಿಯನ್ನು ನೋಡಿದರೆ, ಮೊನೆಗಳ ಬದಲು ಎಣಿಸಲಾಗದಷ್ಟು ಜೀವಿಗಳು ಓಡಾಡುತ್ತಿದ್ದವು. ಬ್ಯಾಕ್ಟೀರಿಯಾಗಳನ್ನು ಮನುಷ್ಯ ಮೊದಲು ಕಂಡದ್ದು ಇಂಥ ಹನಿಗಳಲ್ಲಿ. ಖಾರದ ಗುಟ್ಟು ಸಿಕ್ಕಿದ್ದು ಬಹಳ ತಡವಾಗಿ. 1819ರಲ್ಲಿ ಡೆನ್ಮಾರ್ಕಿನ ವಿಜ್ಞಾನಿ ಓಯೆರ್ಸ್ಟೆಡ್ ಮೆಣಸಿನಿಂದ ಪೈಪರಿನ್ ಎಂಬ ವಸ್ತುವನ್ನು ಬೇರ್ಪಡಿಸಿದಾಗ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದ ನಾಡಿನವರಾದ ನಾವು ಶತಮಾನಗಳ ಕಾಲ ಈ ಕಾಳನ್ನು ಬೆಳೆದು, ಹೇರಿ, ಮಾರಿ, ಸಾರಿಗೆ ಹಾಕಿ ಉಂಡೆವು. ಅದು ಏಕೆ ಖಾರ ಎಂದು ಹಟ ಹಿಡಿದು ನೀರಿಗೆ ಹಾಕಿ ಕೂತವನು ಡೆಲ್ಫ್ಟಿನ ಒಬ್ಬ ಜವಳಿಯವನು. ಇದರಲ್ಲಿ ನಾಚಿಕೊಳ್ಳುವಂಥದ್ದೇನೂ ಇಲ್ಲ, ಆದರೂ ನನಗೆ ತುಸು ಹೊಟ್ಟೆಕಿಚ್ಚಾಗುತ್ತದೆ.

ಅದೇ ಮೆಣಸಿನ ನೀರನ್ನು ಫೋಲ್ಡ್‌ಸ್ಕೋಪಿನಲ್ಲಿ ನೋಡುವುದು ಈ ಸಾಧನದ ನಿಜವಾದ ಪರೀಕ್ಷೆ. ನಲ್ಲಿಯ ನೀರು ಬೇಡ, ಅದರಲ್ಲಿ ಕ್ಲೋರಿನ್ ಇರುತ್ತದೆ. ಬಾವಿಯ ಅಥವಾ ಮಳೆಯ ನೀರಿನಲ್ಲಿ ಇಡೀ ಕಾಳುಗಳನ್ನು ಹಾಕಿ, ತೆಳು ಬಟ್ಟೆ ಮುಚ್ಚಿ ಬಿಟ್ಟರೆ ಕೆಲವು ದಿನಗಳಲ್ಲಿ ಮೇಲೆ ಬೂದು ಕೆನೆಯೊಂದು ಕಟ್ಟುತ್ತದೆ. ಆ ಕೆನೆಯ ಅಂಚಿನಿಂದ ತೆಗೆದ ಹನಿಯಲ್ಲಿ ಕಾಣುವುದು ನಡುಗುವ ಚುಕ್ಕಿಗಳು. ಬ್ಯಾಕ್ಟೀರಿಯಾಗಳು ಬಹುಪಾಲು ಒಂದೆರಡು ಮೈಕ್ರಾನ್ ಗಾತ್ರದವು, ಅಂದರೆ ಈ ಮಸೂರದ ಶಕ್ತಿ ಮುಗಿಯುವ ಜಾಗದಲ್ಲಿಯೇ ಅವು ಶುರುವಾಗುತ್ತವೆ. ಅದು ಜೀವಿಯ ಚಲನೆಯೋ, ನೀರಿನ ಅಣುಗಳು ಬಡಿಯುವುದರಿಂದ ಆಗುವ ಕಂಪನವೋ ಎಂದು ಆಣೆಯಿಟ್ಟು ಹೇಳಲಾಗದು. 1827ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಪರಾಗದೊಳಗಿನ ಕಣಗಳ ಇಂಥದೇ ನಡುಕವನ್ನು ಒಂಟಿ ಮಸೂರದ ಸೂಕ್ಷ್ಮದರ್ಶಕದಲ್ಲಿಯೇ ಕಂಡು, ಜೀವವಿಲ್ಲದ ಗಾಜಿನ ಪುಡಿಯೂ ಹಾಗೆಯೇ ನಡುಗುತ್ತದೆಂದು ಪರೀಕ್ಷಿಸಿ ತೋರಿಸಿದನು. ನಾವೂ ಪಕ್ಕದಲ್ಲಿ ನೀರು ಬೆರೆಸಿದ ಹಾಲಿನ ಹನಿಯೊಂದನ್ನಿಟ್ಟು ಹೋಲಿಸಬಹುದು: ನಿಂತಲ್ಲೇ ನಡುಗುವುದು ಬೇರೆ, ಒಂದು ದಿಕ್ಕು ಹಿಡಿದು ಹೋಗಿ ತಿರುಗಿ ಬರುವುದು ಬೇರೆ. ಕೆರೆಯ ನೀರನ್ನು ಬೆರೆಸಿದ್ದರೆ ಈ ತೊಳಲಾಟವಿಲ್ಲ. ಪ್ಯಾರಮೀಸಿಯಂನಂಥ ದೊಡ್ಡ ಜೀವಿಗಳು ನೋಟವನ್ನು ಅಡ್ಡಹಾಯ್ದು ಹೋಗುತ್ತವೆ, ಅವುಗಳ ಹಿಂದೆ ಹೆಬ್ಬೆರಳನ್ನು ಓಡಿಸುವುದೇ ಕಷ್ಟ.

ಲ್ಯೂವೆನ್‌ಹುಕ್ 1716ರ ಒಂದು ಪತ್ರದಲ್ಲಿ, ತಾನು ಇಷ್ಟೆಲ್ಲ ದುಡಿದದ್ದು ಹೊಗಳಿಕೆಗಾಗಿ ಅಲ್ಲ, ಅರಿಯಬೇಕೆಂಬ ಹಂಬಲದಿಂದ, ಅದು ಉಳಿದವರಿಗಿಂತ ತನ್ನಲ್ಲಿ ಹೆಚ್ಚಿರುವಂತೆ ತೋರುತ್ತದೆ ಎಂಬ ಅರ್ಥದ ಮಾತನ್ನು ಬರೆದಿದ್ದಾನೆ. ಅದು ನಿಜವೇ ಇರಬೇಕು. ಆದರೆ ಆ ಹಂಬಲ ಜಿಪುಣತನದ ಹಂಬಲವೂ ಆಗಿತ್ತು. ಕಂಡದ್ದನ್ನು ಧಾರಾಳವಾಗಿ ಹಂಚಿದವನು, ಕಾಣುವ ದಾರಿಯನ್ನು ಮಾತ್ರ ಬಚ್ಚಿಟ್ಟನು. ಅತ್ಯುತ್ತಮ ಮಸೂರಗಳನ್ನು ಹೇಗೆ ಮಾಡುತ್ತಿದ್ದನೆಂದು ಯಾರಿಗೂ ಹೇಳಲಿಲ್ಲ. ಸುಮಾರು 270 ಪಟ್ಟು ಹಿಗ್ಗಿಸುವ ಅವನ ಒಂದು ಮಸೂರ ಗಾಜಿನ ಗುಂಡೇ ಎಂದು ಗೊತ್ತಾದದ್ದು 2021ರಲ್ಲಿ, ನ್ಯೂಟ್ರಾನ್ ಕಿರಣಗಳನ್ನು ಹಾಯಿಸಿ ಪರೀಕ್ಷಿಸಿದ ಮೇಲೆ. ಫೋಲ್ಡ್‌ಸ್ಕೋಪ್ ಹಿಡಿದದ್ದು ಇದಕ್ಕೆ ತೀರ ವಿರುದ್ಧವಾದ ದಾರಿ. ಅದರ ಮಡಿಕೆಗಳ ವಿನ್ಯಾಸ, ಮಸೂರದ ಲೆಕ್ಕ ಎಲ್ಲವೂ ಯಾರು ಬೇಕಾದರೂ ಓದಬಹುದಾದ ಪತ್ರಿಕೆಯಲ್ಲಿ ಅಚ್ಚಾಗಿವೆ. ಅರಿವಿನ ಹಸಿವುಳ್ಳವರಿಗೆ ಈ ಬಿಚ್ಚುಮನಸ್ಸು ಮಸೂರದಷ್ಟೇ ಬೆಲೆಯುಳ್ಳದ್ದು.

ಇನ್ನು ನನಗೆ ಒಪ್ಪಿಗೆಯಿಲ್ಲದ ಭಾಗ. ಆಯಸ್ಕಾಂತದ ಪುಟ್ಟ ಬಳೆಯೊಂದನ್ನು ಮೊಬೈಲಿನ ಕ್ಯಾಮೆರಾದ ಮೇಲೆ ಅಂಟಿಸಿ, ಸೂಕ್ಷ್ಮದರ್ಶಕವನ್ನು ಅದಕ್ಕೆ ಕೂಡಿಸಿ ಚಿತ್ರ ತೆಗೆಯುವ ವ್ಯವಸ್ಥೆ ಇದರಲ್ಲಿದೆ. ಜಾಹೀರಾತುಗಳಲ್ಲಿ ಎದ್ದು ಕಾಣುವುದೂ ಇದೇ. ಮಾಸ್ತರರೊಬ್ಬರು ಇಡೀ ತರಗತಿಗೆ ಒಟ್ಟಿಗೆ ತೋರಿಸುವುದಕ್ಕೆ ಇದು ಉಪಯುಕ್ತ, ಅಲ್ಲಗಳೆಯುವುದಿಲ್ಲ. ಆದರೆ ಮನೆಯಲ್ಲಿ ಬಳಸುವವರ ಕೈಯಲ್ಲಿ ಇದರಿಂದ ಆಗುವುದೇನೆಂದರೆ, ನೋಡುವ ಬಯಕೆ ತೋರಿಸುವ ಬಯಕೆಗೆ ತಿರುಗಿಬಿಡುತ್ತದೆ. ಸೊಳ್ಳೆಯ ರೆಕ್ಕೆ ಪರದೆಯ ಮೇಲೆ ಮೂಡಿತೋ ಇಲ್ಲವೋ, ಚಿತ್ರ ತೆಗೆದು, ಕುಟುಂಬದ ವಾಟ್ಸಾಪ್ ಗುಂಪಿಗೆ ಕಳುಹಿಸಿ, ನಾಲ್ಕು ಹೆಬ್ಬೆರಳುಗಳನ್ನು ಪಡೆದ ಮೇಲೆ ಆ ರೆಕ್ಕೆಯನ್ನು ಮತ್ತೆ ಯಾರೂ ನೋಡುವುದಿಲ್ಲ. ಅದರ ಅಂಚಿನಲ್ಲಿ ಸಾಲಾಗಿ ಕೂತ ಗರಿಯಂಥ ಹುರುಪೆಗಳು ಕಂಡವೇ ಎಂದು ಕೇಳಿದರೆ, ಚಿತ್ರವನ್ನು ಹಿಗ್ಗಿಸಿ ಹುಡುಕತೊಡಗುತ್ತಾರೆ. ನನ್ನ ಸಲಹೆಯೆಂದರೆ, ಮೊದಲು ಬರಿಗಣ್ಣನ್ನು ಮಸೂರಕ್ಕೆ ಹಚ್ಚಿ ನೋಡಬೇಕು, ಪಕ್ಕದಲ್ಲಿ ಪೆನ್ಸಿಲ್ ಮತ್ತು ಹಾಳೆ ಇರಬೇಕು, ಚಿತ್ರ ಬರೆದಾದ ಮೇಲೆಯೇ ಮೊಬೈಲಿಗೆ ಕೈ ಹಾಕಬೇಕು. ಚಿತ್ರ ಚೆನ್ನಾಗಿ ಬರಬೇಕೆಂದೇನೂ ಇಲ್ಲ. ಲ್ಯೂವೆನ್‌ಹುಕ್ ಕೂಡ ತನ್ನಿಂದ ಆಗದೆಂದು ಚಿತ್ರಗಾರರನ್ನು ಇಟ್ಟುಕೊಂಡಿದ್ದನು. ಆದರೆ ಇಲ್ಲಿ ಎಷ್ಟು ಗೆರೆ, ಇದು ಅದರ ಮೇಲಿದೆಯೋ ಕೆಳಗಿದೆಯೋ ಎಂದು ಬರೆಯುವ ಕೈ ಕೇಳುತ್ತದೆ, ಆಗ ಕಣ್ಣು ಮತ್ತೆ ಮಸೂರಕ್ಕೆ ಹೋಗಲೇಬೇಕಾಗುತ್ತದೆ. ಮಡಚಿ ಮಾಡುವುದರಲ್ಲಿ ಶುರುವಾದ ಸೃಷ್ಟಿಯ ಸುಖ ಅಲ್ಲಿಗೆ ಮುಗಿಯದೆ ಮುಂದುವರಿಯುವುದು ಹೀಗೆ. ಸ್ಲೈಡಿನ ಮೇಲೆ ತಲೆಗೂದಲಿನ ಒಂದು ತುಣುಕನ್ನು ಇಟ್ಟುಕೊಂಡರೆ ಅಳತೆಗೋಲೂ ಸಿಕ್ಕಂತಾಯಿತು, ಏಕೆಂದರೆ ಕೂದಲಿನ ದಪ್ಪ ಸಾಮಾನ್ಯವಾಗಿ 50ರಿಂದ 100 ಮೈಕ್ರಾನ್.

ಸಲಕರಣೆಗಳ ಡಬ್ಬಿಯಲ್ಲಿ ಬರುವ ಚಿಮಟ, ಡ್ರಾಪರ್, ಸ್ಲೈಡುಗಳು, ಪಾರದರ್ಶಕ ಅಂಟುಪಟ್ಟಿಗಳು, ಪುಟ್ಟ ಎಲ್‌ಇಡಿ ದೀಪ ಎಲ್ಲವೂ ಕೆಲಸಕ್ಕೆ ಬರುವಂಥವೇ. ಇವುಗಳಲ್ಲಿ ದೀಪವೊಂದು ಇಲ್ಲದಿದ್ದರೆ ಸಂಜೆಯ ಮೇಲೆ ಕಷ್ಟ. ಉಳಿದವನ್ನು ಮನೆಯಲ್ಲೇ ಹೊಂದಿಸಿಕೊಳ್ಳಬಹುದು. ಹನಿನೀರಿನ ಮಾದರಿಗಳಿಗೆ ಕಾಗದದ ಸ್ಲೈಡಿಗಿಂತ ಪ್ರಯೋಗಾಲಯದ ಸಾಮಾನು ಮಾರುವ ಅಂಗಡಿಯ ಗಾಜಿನ ಸ್ಲೈಡ್ ಮತ್ತು ಅದರ ಮೇಲೆ ಮುಚ್ಚುವ ತೆಳುಗಾಜಾದ ಕವರ್‌ಸ್ಲಿಪ್ ಎಷ್ಟೋ ವಾಸಿ. ಕರಾವಳಿ ಮತ್ತು ಮಲೆನಾಡಿನವರು ಮಳೆಗಾಲದಲ್ಲಿ ಇದನ್ನು ಒಣಗಿಸಿ ಮುಚ್ಚಿಡಬೇಕು. ಕಾಗದ ತಾಳಿಕೊಂಡರೂ ಮಸೂರದ ಮೇಲೆ ಮಂಜು ಹಿಡಿದರೆ ನೋಟ ಕೆಡುತ್ತದೆ.

ಮಲೇರಿಯಾದಂಥ ರೋಗಗಳನ್ನು ಹಳ್ಳಿಯಲ್ಲೇ ಪತ್ತೆಹಚ್ಚುವ ಆಸೆ ಈ ಉಪಕರಣದ ಹುಟ್ಟಿನ ಹಿಂದಿತ್ತು. ಆದರೆ ಅಂಗಡಿಯಲ್ಲಿ ಸಿಗುವ ಈ 140 ಪಟ್ಟಿನ ಮಾದರಿ ಅದಕ್ಕಲ್ಲ. ಕೆಂಪು ರಕ್ತಕಣಗಳು ಏಳೆಂಟು ಮೈಕ್ರಾನ್ ಇರುವುದರಿಂದ ಚುಕ್ಕಿಗಳಾಗಿ ಕಂಡಾವು, ಅವುಗಳೊಳಗಿನ ಪರೋಪಜೀವಿ ಗುರುತು ಹಿಡಿಯುವಂತೆ ಕಾಣದು. ಮನೆಯಲ್ಲಿ ಬೆರಳು ಚುಚ್ಚಿಕೊಂಡು ರೋಗ ಹುಡುಕುವ ಸಾಹಸ ಬೇಡ.

ಕಾಲೇಜಿನಲ್ಲಿ ಜೀವಶಾಸ್ತ್ರ ಓದುವವರಿಗೆ, ಕೋಶಗಳಿಗೆ ಬಣ್ಣ ಹಾಕಿ ಒಳಗಿನ ವಿವರ ನೋಡಬೇಕಾದವರಿಗೆ ಇದು ಸಾಲದು. ಅವರು ದುಡ್ಡು ಕೂಡಿಸಿ ಸಾಧಾರಣ ಲೋಹದ ಸೂಕ್ಷ್ಮದರ್ಶಕವನ್ನೇ ಕೊಳ್ಳಲಿ. ಐದಾರು ವರ್ಷದ ಮಕ್ಕಳಿಗೆ ಫೋಕಸ್ ಹಿಡಿಯುವುದು ಕಷ್ಟವಾಗಿ ಬೇಸರ ಬರುತ್ತದೆ, ಅವರಿಗೆ ಒಂದು ಒಳ್ಳೆಯ ಭೂತಗನ್ನಡಿ ಸಾಕು. ಹತ್ತು ವರ್ಷ ದಾಟಿದ ಮಕ್ಕಳಿಗೆ, ತೋಟವಿರುವವರಿಗೆ, ನಿವೃತ್ತರಾಗಿ ಕೈಗೆ ಕೆಲಸ ಹುಡುಕುತ್ತಿರುವವರಿಗೆ ನಾನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಶಾಲೆಗೆ ದಾನ ಕೊಡಬೇಕೆಂದಿರುವ ಹಳೆಯ ವಿದ್ಯಾರ್ಥಿಗಳು ಒಂದು ದೊಡ್ಡ ಸೂಕ್ಷ್ಮದರ್ಶಕದ ಬದಲು ಅದೇ ಹಣದಲ್ಲಿ ಸಲಕರಣೆಗಳಿಲ್ಲದ ಬರಿಯ ಫೋಲ್ಡ್‌ಸ್ಕೋಪ್‌ಗಳ ಕಟ್ಟನ್ನು ತರಿಸಿ, ಹೆಡ್‌ಮಾಸ್ತರರ ಬೀರುವಿಗೆ ಒಪ್ಪಿಸದೆ ಮಕ್ಕಳ ಚೀಲಕ್ಕೇ ಸೇರಿಸುವುದು ಒಳ್ಳೆಯದು. ಹಂಚುವಾಗ ಜೋಡಿಸಿ ಕೊಡಬಾರದು, ಹಾಳೆಯ ರೂಪದಲ್ಲಿಯೇ ಕೊಡಬೇಕು. ಜೊತೆಗೆ ನಾಲ್ಕಾರು ಮಸೂರಗಳನ್ನು ಹೆಚ್ಚುವರಿಯಾಗಿ ತರಿಸಿಟ್ಟುಕೊಳ್ಳಬೇಕು, ಏಕೆಂದರೆ ಸಾಸಿವೆ ಗಾತ್ರದ ಗಾಜಿನ ಗುಂಡು ತರಗತಿಯ ನೆಲಕ್ಕೆ ಬಿದ್ದರೆ ಮತ್ತೆ ಸಿಗುವ ಮಾತಿಲ್ಲ.